ಬಿಡಿ ಮೇಡಂ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಸಂಸ್ಥೆಯ ನಿರ್ದೇಶಕರೇ, ದೂರದಿಂದ ಬಂದು ನಮ್ಮ ಗಟ್ಟಿ ಕುರ್ಚಿಯ ಮೇಲೆ ನಗುಮುಖದಿಂದಲೇ ಕುಳಿತಿರುವ ಮುಖ್ಯ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ, ಆದರೆ ಪ್ರಯೋಗಾಲಯದ ಬೀಗದ ಕೈಯನ್ನು ಇನ್ನೂ ಯಾರಿಗೂ ಕೊಡದಿರುವ ನಮ್ಮ ಪ್ರೀತಿಯ ಮೇಡಂ ಅವರೇ, ಸಹೋದ್ಯೋಗಿಗಳೇ, ಕೈ ಕಾಲು ಸೊಂಟ ಹಿಡಿದುಕೊಂಡು ಬಂದು ನಮಗೆ ವಿದ್ಯೆ ಕಲಿಸಿ ಹೋದ ರೋಗಿಗಳೇ, ಸಭಿಕರೇ, ಮತ್ತು ಮೂರನೆಯ ಸಾಲಿನ ತುದಿಯಲ್ಲಿ ನೀಲಿ ಅಂಗಿ ತೊಟ್ಟು, ನಾನು ಬಾಯಿ ತೆರೆಯುವ ಮೊದಲೇ 'ಚಿಕ್ಕದಾಗಿ ಮುಗಿಸು' ಎಂದು ಸನ್ನೆ ಮಾಡುತ್ತಿರುವ ನನ್ನ ಗಂಡನೇ,

ಹೌದು, ಗಂಡ. ಆ ಪದವನ್ನು ಮೈಕಿನಲ್ಲಿ ಹೇಳಿದ್ದು ಇದೇ ಮೊದಲು. ಎಷ್ಟು ಚೆನ್ನಾಗಿ ಕೇಳಿಸುತ್ತದೆ ನೋಡಿ! ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಆದ್ದರಿಂದ ನನ್ನ ಮಾತು ಅಲ್ಲಲ್ಲಿ ಮೂರನೆಯ ಸಾಲಿನ ಕಡೆಗೆ ವಾಲಿದರೆ ದಯವಿಟ್ಟು ಕ್ಷಮಿಸಬೇಕು. ಇನ್ನೊಂದು ವಿಷಯಕ್ಕೂ ಕ್ಷಮೆ ಬೇಕು. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಕನ್ನಡದಲ್ಲೇ ಮಾತನಾಡಬೇಕು ಎಂಬುದು ಮೇಡಂ ಅವರ ಅಪ್ಪಣೆ. "ನಿನ್ನ ಕನ್ನಡದಿಂದ ಒಂದು ಸಲ ಅನಾಹುತ ಆಗಿದೆ, ಒಂದು ಸಲ ಮದುವೆ ಆಗಿದೆ. ಮೂರನೇ ಸಲ ಏನಾಗತ್ತೋ ನೋಡೋಣ" ಎಂದರು. ಆ ಅನಾಹುತ ಯಾವುದು, ಮದುವೆ ಹೇಗೆ, ಎಲ್ಲವನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಗಮನವನ್ನು ಒಂದು ಬಿಳಿ ಕೋಟಿನ ಕಡೆಗೆ ಸೆಳೆಯಬೇಕು.

ವೇದಿಕೆಯ ಮೆಟ್ಟಿಲ ಬಳಿ, ಕಂಬದ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ಒಂದು ಕೋಟನ್ನು ಮಡಿಸಿಟ್ಟುಕೊಂಡು ಕುಳಿತಿದ್ದಾರಲ್ಲ, ಅವರು ನನ್ನ ಮಾವ. ವೃತ್ತಿಯಿಂದ ಟೈಲರ್. ನನ್ನ ಭಾಷಣ ಮುಗಿಯುವ ಹೊತ್ತಿಗೆ ಅವರು ಮೇಲೆ ಬಂದು, ತಮ್ಮ ಬಲಗೈಯಿಂದ ಆ ಕೋಟನ್ನು ಮೇಡಂ ಅವರಿಗೆ ಕೊಡಲಿದ್ದಾರೆ. ಕೊಡುವುದು ಎಂದರೆ ಏನು? ಚಾಚುವುದು, ಆಮೇಲೆ ಬಿಡುವುದು. ಚಾಚುವುದರಲ್ಲಿ ನನ್ನ ಮಾವನವರಿಗೆ ಯಾವ ತೊಂದರೆಯೂ ಇಲ್ಲ. ತೊಂದರೆ ಇರುವುದು ಬಿಡುವುದರಲ್ಲಿ. ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದಾಗಿನಿಂದ ಅವರ ಬಲಗೈ ಹಿಡಿದದ್ದನ್ನು ಬಿಡುವುದಿಲ್ಲ. ಈಗ ಮನೆಯಲ್ಲಿ ಬಿಡುತ್ತದೆ, ಅಂಗಡಿಯಲ್ಲಿ ಬಿಡುತ್ತದೆ. ನಾಲ್ಕು ಜನ ನೋಡುತ್ತಿದ್ದಾರೆ ಎಂದರೆ ಸಾಕು, ಹಠ ಹಿಡಿದ ಮಗುವಿನಂತೆ ಮುಷ್ಟಿ ಮುಚ್ಚಿಕೊಂಡುಬಿಡುತ್ತದೆ.

ಇದನ್ನು ನಾನು ಹೀಗೆ ಎಲ್ಲರ ಮುಂದೆ ಹೇಳಬಹುದೇ? ಕೇಳಿಯೇ ಬಂದಿದ್ದೇನೆ. ಬೆಳಿಗ್ಗೆ ಮಾವ ಹೇಳಿದರು: "ಹೇಳಿಬಿಡಮ್ಮ. ಇಲ್ದಿದ್ರೆ ಮದುವೇಲಿ ಆದ ಹಾಗೆ, ಪ್ರೀತಿ ಅಂದ್ಕೊಂಡುಬಿಡ್ತಾರೆ."

ಮದುವೆಯಲ್ಲಿ ಏನಾಯಿತು? ನನ್ನ ಅಪ್ಪನ ಆಫೀಸಿನ ದೊಡ್ಡ ಸಾಹೇಬರು ಬಂದರು. ಬಾಗಿಲಲ್ಲೇ ನನ್ನ ಮಾವ ಕೈ ಚಾಚಿದರು, ಸಾಹೇಬರು ಕುಲುಕಿದರು. ಕುಲುಕಿದ್ದೇ ತಪ್ಪಾಯಿತು. ಆ ಕೈ ಮತ್ತೆ ಅವರಿಗೆ ಸಿಗಲಿಲ್ಲ. ಇಬ್ಬರೂ ಕೈ ಹಿಡಿದುಕೊಂಡೇ ಒಳಗೆ ಬಂದರು, ಕೈ ಹಿಡಿದುಕೊಂಡೇ ಕುಳಿತರು, ಕೈ ಹಿಡಿದುಕೊಂಡೇ ವೇದಿಕೆ ಹತ್ತಿದರು. ನಮ್ಮ ಮನೆಯವರದೇ ಫೋಟೋ ಎಂದು ತೆಗೆಸಿದ ಪ್ರತಿಯೊಂದು ಫೋಟೋದಲ್ಲೂ ಆ ಸಾಹೇಬರು ಇದ್ದಾರೆ. ನೋಡಿದವರು ಇವರು ಹುಡುಗನ ದೊಡ್ಡಪ್ಪನೇ ಎಂದು ಕೇಳುತ್ತಾರೆ. ಸಾಹೇಬರೋ ಕಣ್ಣು ಒರೆಸಿಕೊಂಡು ನನ್ನ ಅಪ್ಪನಿಗೆ ಹೇಳಿದರಂತೆ: "ಎಂಥ ಬೀಗರು ಸಿಕ್ಕಿದಾರೆ ನಿಮಗೆ! ಎಷ್ಟು ಅಂತಃಕರಣ! ಕೈಯೇ ಬಿಡಲಿಲ್ಲ ಕಣ್ರೀ!"

ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ. ಅಂದಿನಿಂದ ಒಂದು ಸಮಾರಂಭಕ್ಕೂ ಅವರು ಹೋಗಿಲ್ಲ. ನೆಂಟರು ಕರೆದರೆ ಕೆಲಸ ಇದೆ ಅನ್ನುತ್ತಾರೆ. ಇವತ್ತು ಕೋಟು ಕೊಡಲು ಒಪ್ಪಿದ್ದೂ ಒಂದು ಷರತ್ತಿನ ಮೇಲೆ: "ಇವತ್ತೂ ಹಾಗೇ ಆದ್ರೆ ನನ್ನನ್ನ ಇನ್ನು ಎಲ್ಲಿಗೂ ಕರೀಬೇಡಿ. ಅಂಗಡಿ, ಮನೆ. ಅಷ್ಟೇ." ಆದ್ದರಿಂದ ಸಭಿಕರೇ, ಆ ಕಂಬದ ಪಕ್ಕದ ಕುರ್ಚಿಯಲ್ಲಿ ಕುಳಿತವರಿಗೆ ಇಂದು ಇದು ಸಮಾರಂಭವಲ್ಲ, ಪರೀಕ್ಷೆ. ಮತ್ತು ನಾನು ಇಷ್ಟೊಂದು ಮಾತನಾಡುತ್ತಿರುವುದು ಮಾತಿನ ಚಟದಿಂದ ಮಾತ್ರವಲ್ಲ. ಅವರ ಕೈಗೆ ಈ ಸಭಾಂಗಣ ಸ್ವಲ್ಪ ಅಭ್ಯಾಸವಾಗಲಿ ಎಂದು. ಮಾತಿನ ಚಟವೂ ಇದೆ. ಮೂರನೆಯ ಸಾಲಿನವರು ತಲೆಯಾಡಿಸಬೇಕಾಗಿಲ್ಲ.

ಈಗ ಮೇಡಂ ಅವರ ವಿಚಾರ. ಅವರ ಸಾಧನೆಗಳನ್ನು ನಿರ್ದೇಶಕರು ಆಗಲೇ ಓದಿದ್ದಾರೆ. ನಾನು ಆ ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳುತ್ತೇನೆ.

ಮೇಡಂ ವಿದ್ಯಾರ್ಥಿನಿಯಾಗಿದ್ದಾಗ ಅವರ ಮೇಜಿನ ಮೇಲೆ ಒಂದು ಉರುಳೆ ತಿರುಗುತ್ತಿತ್ತಂತೆ. ಅದರ ಸುತ್ತ ಮಸಿ ಹಿಡಿಸಿದ ಕಾಗದ. ಕಪ್ಪೆಯ ಕಾಲಿನ ಸ್ನಾಯುವಿಗೆ ಸಣ್ಣ ಕರೆಂಟು ಮುಟ್ಟಿಸಿದರೆ ಅದು ಸೆಟೆದುಕೊಂಡು ಒಂದು ಮುಳ್ಳನ್ನು ಎಳೆಯುತ್ತದೆ. ಮುಳ್ಳು ಮಸಿಯ ಮೇಲೆ ಗೆರೆ ಕೊರೆಯುತ್ತದೆ. ಗೆರೆ ಏರುತ್ತದೆ, ಇಳಿಯುತ್ತದೆ, ಒಂದು ಗುಡ್ಡದ ಹಾಗೆ. ತರಗತಿಯ ಹುಡುಗರೆಲ್ಲ ಗುಡ್ಡದ ಎತ್ತರ ಅಳೆಯುತ್ತಿದ್ದರು: ಸ್ನಾಯುವಿನ ಬಲ ಎಷ್ಟು? ಯಾರ ಕಪ್ಪೆ ಪೈಲ್ವಾನ? ನಮ್ಮ ಮೇಡಂ ಮಾತ್ರ ಗುಡ್ಡದ ಆಚೆ ಬದಿಯನ್ನು ನೋಡುತ್ತ ನಿಂತುಬಿಟ್ಟರು. ದಣಿದ ಸ್ನಾಯು ಏರುವುದೇನೋ ಏರುತ್ತದೆ, ಆದರೆ ಇಳಿಯುವಾಗ ತಡಮಾಡುತ್ತದೆ. ಯಾಕೆ? ಗುರುಗಳ ಬಳಿ ಹೋಗಿ ಕೇಳಿದರಂತೆ. ಗುರುಗಳು ಕನ್ನಡಕದ ಮೇಲಿಂದ ನೋಡಿ, "ಇಳಿಯೋದನ್ನ ಯಾರಮ್ಮ ಅಳೀತಾರೆ? ಹಿಡಿಯೋಕೆ ಶಕ್ತಿ ಬೇಕು. ಬಿಡೋಕೇನು, ಕೈ ಸಡಿಲ ಮಾಡಿದ್ರೆ ಆಯ್ತು" ಎಂದರು.

ಆಯಿತೇ? ಆಗುವುದಿಲ್ಲ! ನಮ್ಮ ಮೇಡಂ ಇಡೀ ವೃತ್ತಿಜೀವನವನ್ನು ಕೊಟ್ಟದ್ದು ಈ ಒಂದು 'ಆಗುವುದಿಲ್ಲ'ಕ್ಕೆ. ಸ್ನಾಯು ಬಿಗಿಯುವಾಗ ಅದರೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಗೆ ಚೆಲ್ಲುತ್ತದೆ. ಸಡಿಲವಾಗಬೇಕಾದರೆ ಚೆಲ್ಲಿದ್ದನ್ನೆಲ್ಲ ಮತ್ತೆ ಬಾಚಿ ಒಳಗೆ ತುಂಬಬೇಕು. ಅದಕ್ಕೂ ಇಂಧನ ಖರ್ಚಾಗುತ್ತದೆ. ಈ ಸಭೆಗೆ ಕುರ್ಚಿ ಹಾಕಲು ಜನ ಬೇಕಾಯಿತು. ಸಭೆ ಮುಗಿದ ಮೇಲೆ ಎತ್ತಿಡಲು ಜನ ಬೇಡವೇ? ಕುರ್ಚಿಗಳು ತಾವಾಗಿಯೇ ಮಡಿಸಿಕೊಂಡು ಹೋಗುತ್ತವೆಯೇ? ಅದರ ಮೇಲೆ, 'ಸಾಕು, ಇನ್ನು ಬಿಡು' ಎಂಬ ಅಪ್ಪಣೆ ಮೆದುಳಿನಿಂದ ಕೆಳಗೆ ಬರಬೇಕು. ಲಕ್ವ ಹೊಡೆದಾಗ ಆ ಅಪ್ಪಣೆ ಬರುವ ದಾರಿಯೇ ಕೆಡುತ್ತದೆ. ಆಗ ಕೈಗೆ ಬಲವಿಲ್ಲ ಎಂದು ನಾವು ಮರುಗುತ್ತೇವೆ. ಎಷ್ಟೋ ಕೈಗಳಲ್ಲಿ ಬಲ ಇರುತ್ತದೆ, ಬಿಡುವು ಇರುವುದಿಲ್ಲ. ಬಿಡುವುದೂ ಒಂದು ಕೆಲಸ, ಅದನ್ನೂ ಕಲಿಯಬೇಕು, ಕಲಿಸಬಹುದು. ಇದೇ ನಮ್ಮ ಮೇಡಂ ಅವರ ವಿಜ್ಞಾನ. ಇದನ್ನು ನಂಬಿಸಲು ಅವರಿಗೆ ಅರ್ಧ ಆಯುಷ್ಯ ಹಿಡಿಯಿತು. ಒಂದು ದೊಡ್ಡ ಸಮ್ಮೇಳನದಲ್ಲಿ ಒಬ್ಬರು ಎದ್ದು ನಿಂತು, "ಏನೂ ಮಾಡದೆ ಇರೋದರ ಬಗ್ಗೆ ಇಷ್ಟೊಂದು ಸಂಶೋಧನೆಯೇ?" ಎಂದು ಕೇಳಿ ನಗಿಸಿದರಂತೆ. ಮೇಡಂ, "ಸ್ವಾಮಿ, ಕೈಯಲ್ಲಿರೋ ಮೈಕನ್ನ ಒಮ್ಮೆ ಬಿಡಿ ನೋಡೋಣ" ಎಂದರಂತೆ. ಅವರಿಗೆ ಬಿಡಲಾಗಲಿಲ್ಲವಂತೆ, ಅವರಿಗೆ ಲಕ್ವವೂ ಇರಲಿಲ್ಲವಂತೆ.

ಅವರಿಗೆ 'ಬಿಡಿ ಮೇಡಂ' ಎಂಬ ಅಡ್ಡಹೆಸರು ಬಂದದ್ದು ನೆಲಮಾಳಿಗೆಯ ನಮ್ಮ ಕೋಣೆಯಲ್ಲಿ. ನೋಡದವರಿಗಾಗಿ ಹೇಳುತ್ತೇನೆ. ಒಂದು ಕಡೆ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ಗುಡುಗು, ಇನ್ನೊಂದು ಕಡೆ ಜನರೇಟರ್, ನಡುವೆ ನಮ್ಮ ವಿಜ್ಞಾನ. ಗೋಡೆಗೆ ಒಂದು ಉದ್ದನೆಯ ಹಲಗೆ. ಅದರ ಮೇಲೆ ನೀರು ಬಾರದ ನಲ್ಲಿಗಳು, ಬಾಗಿಲಿಲ್ಲದ ಚಿಲಕಗಳು, ದೀಪವಿಲ್ಲದ ಸ್ವಿಚ್ಚುಗಳು; ರೋಗಿಗಳು ಒಂದೊಂದನ್ನೇ ಹಿಡಿದು ಬಿಡಬೇಕು. ಹೊಸದಾಗಿ ಬಂದ ಪ್ಲಂಬರ್ ಒಬ್ಬ ಅದನ್ನು ಕಂಡು, "ಯಾರ್ರೀ ಈ ಕೆಲಸ ಮಾಡಿದ್ದು, ಒಂದಕ್ಕೂ ಪೈಪೇ ಕೊಟ್ಟಿಲ್ಲ!" ಎಂದು ಬೈದು ಹೋದ. ಮೂಲೆಯಲ್ಲಿ ಒಂದು ಕಂಪ್ಯೂಟರ್ ಪರದೆ. ರೋಗಿಯ ಮುಂಗೈಗೆ ಪಟ್ಟಿ ಅಂಟಿಸಿದರೆ ಪರದೆಯ ಮೇಲೆ ಹಸಿರು ಗೆರೆ ಏಳುತ್ತದೆ: ಸ್ನಾಯು ಬಿಗಿದರೆ ಮೇಲೆ, ಬಿಟ್ಟರೆ ಕೆಳಗೆ. ಬೇರೆ ಕಡೆ ಎಲ್ಲ ಗೆರೆ ಏರಿದರೆ ಸಂತೋಷ. ಗೆರೆ ಇಳಿದರೆ ಜನ ಕುಣಿಯುವ ಜಗತ್ತಿನ ಏಕೈಕ ಕೋಣೆ ನಮ್ಮದೇ ಇರಬೇಕು.

ಅಲ್ಲಿಗೆ ನಾನು ಬಂದೆ. ಕೈಯಲ್ಲಿ ಪದವಿ, ತಲೆಯಲ್ಲಿ ಇಂಗ್ಲಿಷ್. ರೋಗಿಗಳಿಗೆ ಶುದ್ಧ ಕನ್ನಡದಲ್ಲಿ ಹೇಳೋಣ ಎಂದು ಶಬ್ದಕೋಶ ತೆರೆದು ತಯಾರಾಗಿದ್ದೆ. ಒಬ್ಬ ಅಜ್ಜಿಯ ಕೈ ಹಿಡಿದು, "ಅಜ್ಜಿ, ದಯವಿಟ್ಟು ಮುಷ್ಟಿಯನ್ನು ಸಂಕುಚಿಸಿ" ಎಂದೆ. ಅಜ್ಜಿ ನನ್ನ ಮುಖ ನೋಡಿದರು. "ಈಗ ಶಿಥಿಲಗೊಳಿಸಿ" ಎಂದೆ. ಅಜ್ಜಿ ಪಕ್ಕದ ಹಾಸಿಗೆಯವರ ಕಡೆ ತಿರುಗಿ, "ಈ ಹುಡುಗಿ ಮಂತ್ರ ಹಾಕ್ತಿದೆಯೋ ಬೈತಿದೆಯೋ ಗೊತ್ತಾಗ್ತಿಲ್ಲ ಕಣೇ. ಯಾವುದಾದ್ರೂ ಇರ್ಲಿ, ನೋವಂತೂ ಕಮ್ಮಿ ಆಗಿಲ್ಲ" ಎಂದರು. ಮೇಡಂ ನಕ್ಕು ನಕ್ಕು ಸಾಕಾಗಿ ಹೇಳಿದರು: "ಅಷ್ಟು ದೊಡ್ಡ ಮಾತು ಕೇಳಿದ್ರೆ ನನ್ನ ಕೈಯೂ ಸೆಟೆದುಕೊಳ್ಳತ್ತೆ ಕಣೇ. 'ಹಿಡೀರಿ' ಅನ್ನು. 'ಬಿಡಿ' ಅನ್ನು. ಅಷ್ಟೇ."

ಅಷ್ಟೇ ಎಂದರಲ್ಲ, ಅಲ್ಲೇ ಆಯಿತು ಅನಾಹುತ. ಒಂದು ದಿನ ಮೇಡಂ ಮೀಟಿಂಗಿನಲ್ಲಿದ್ದಾಗ ಹೊಸ ರೋಗಿಯೊಬ್ಬರು ಬಂದರು. ಇಸ್ತ್ರಿ ಮುರಿಯದ ಅಂಗಿ, ಕುತ್ತಿಗೆಗೆ ಮರೆತು ಹಾಕಿಕೊಂಡೇ ಬಂದ ಅಳತೆ ಟೇಪು. ಸ್ಪಂಜಿನ ಚೆಂಡು ಕೊಟ್ಟೆ, ಹಿಡಿದರು. "ಬಿಡಿ" ಎಂದೆ. ಬಿಡಲಿಲ್ಲ. "ಬಿಡಿ." ಇಲ್ಲ. ಅವರ ಹಣೆಯಲ್ಲಿ ಬೆವರು, ನನ್ನ ಹಣೆಯಲ್ಲೂ ಬೆವರು. ಪಾಪ ಹಿರಿಯರು, ಸ್ವಲ್ಪ ಮರ್ಯಾದೆಯಿಂದ ಹೇಳೋಣ ಅನ್ನಿಸಿತು. ವಾಕ್ಯ ಉದ್ದವಾದಷ್ಟೂ ಮರ್ಯಾದೆ ಹೆಚ್ಚು ಎಂದು ನಮ್ಮ ಶಾಲೆಯಲ್ಲಿ ಕಲಿಸಿದ್ದರು. ಮೃದುವಾಗಿ, ಬಹಳ ಮೃದುವಾಗಿ ಹೇಳಿದೆ: "ಸರ್, ಆ ಕೈ ಬಿಟ್ಟುಬಿಡಿ ಸರ್. ಇನ್ನು ಸಾಕು."

ಸಭೆಯಲ್ಲಿ ಆಗಲೇ ನಗು ಕೇಳಿಸುತ್ತಿದೆ. ನಿಮಗೆ ತಿಳಿಯಿತು, ನನಗೆ ತಿಳಿಯಲಿಲ್ಲ. ಕೈಯನ್ನು ಸಡಿಲ ಮಾಡಿ, ಇವತ್ತಿಗೆ ಇಷ್ಟು ಸಾಕು ಎಂದು ನಾನು ಹೇಳಿದ್ದೆ. ಆ ಕೈಯ ಆಸೆ ಬಿಟ್ಟುಬಿಡಿ ಎಂದು ಅವರು ಕೇಳಿಸಿಕೊಂಡರು. "ಸರಿ ತಾಯಿ" ಎಂದು ಎದ್ದರು. ಎಡಗೈಯಿಂದ ಬಲಗೈಯ ಬೆರಳು ಬಿಡಿಸಿ, ಚೆಂಡನ್ನು ಮೇಜಿನ ಮೇಲಿಟ್ಟು ಹೋದರು. ಎಷ್ಟು ಸಭ್ಯ ಮನುಷ್ಯ ಎಂದುಕೊಂಡೆ ನಾನು! ಆಮೇಲೆ ಅವರು ಬರಲೇ ಇಲ್ಲ.

ಬಂದದ್ದು ಅವರ ಮಗ. ಬಾಗಿಲು ದಡಾರನೆ ತೆರೆದು, "ಏನ್ರೀ, ನಮ್ಮಪ್ಪನ ಕೈ ಬಿಟ್ಟುಬಿಡಿ ಅಂದಿದ್ದು ನೀವೇನಾ?" ಎಂದರು.

"ಹೌದು, ನಾನೇ. ಬಿಟ್ಟರಾ?" ಎಂದೆ, ಬಹಳ ಆಸೆಯಿಂದ.

"ಬಿಟ್ಟರಾ ಅಂತ ಬೇರೆ ಕೇಳ್ತೀರಲ್ರೀ! ಕತ್ತರಿ ತೆಗೆದು ಪೆಟ್ಟಿಗೆಗೆ ಹಾಕಿದಾರೆ. ಅಂಗಡಿ ಕಡೆ ತಲೆ ಹಾಕ್ತಿಲ್ಲ. ದೊಡ್ಡಾಸ್ಪತ್ರೆಯವರೇ ಕೈ ಬಿಟ್ರು ಅಂತ ಕೂತಿದಾರೆ!"

ಆ ಸಿಟ್ಟಿನ ಮುಖ! ಎಷ್ಟು ಚೆಂದ ಇತ್ತು ಎಂದು ಈಗ ಹೇಳಬಹುದು. ಆಗ ನಾನು ಅತ್ತುಬಿಟ್ಟೆ. ಅವರು ಗಾಬರಿಯಾಗಿ ಜೇಬಿನಿಂದ ಕರವಸ್ತ್ರ ತೆಗೆದುಕೊಟ್ಟರು. ಅದು ಕರವಸ್ತ್ರವಾಗಿರಲಿಲ್ಲ, ಯಾರದೋ ಪ್ಯಾಂಟಿನ ತುಂಡಾಗಿತ್ತು. ಇನ್ನೂ ನನ್ನ ಬಳಿ ಇದೆ. ಸಾಕು, ಮೂರನೆಯ ಸಾಲು ಕೆಂಪಾಗುತ್ತಿದೆ.

ಮೇಡಂ ನನ್ನನ್ನು ಬೈದರೇ? ಇಲ್ಲ. "ನನ್ನ ಮಾತನ್ನ ಅರ್ಧ ಕದ್ದಿದ್ದೀಯ. ಕದಿಯೋದಾದ್ರೆ ಪೂರ್ತಿ ಕದಿ" ಎಂದರು. ಆಗ ನನಗೆ ಹೊಳೆಯಿತು. ಮೇಡಂ ಎಂದೂ ಬರೀ 'ಬಿಡಿ' ಎನ್ನುವುದಿಲ್ಲ. ಅವರ ಮಾತು, "ಬಿಡಿ, ನಾನಿದ್ದೀನಿ." ತಮ್ಮ ಅಂಗೈಯನ್ನು ರೋಗಿಯ ಕೈಯ ಕೆಳಗೆ ಹಿಡಿದು, ಎಳೆಯದೆ, ಒತ್ತದೆ, ಕಾಯುತ್ತ, "ಬಿಡಿ, ನಾನಿದ್ದೀನಿ." ಯಂತ್ರಗಳ ಗದ್ದಲದಲ್ಲಿ ನನಗೆ ಮೊದಲ ಪದ ಮಾತ್ರ ಕೇಳಿಸಿತ್ತು.

ಆ ಮಾತು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಚಿಕ್ಕಂದಿನಲ್ಲಿ ಮೇಡಂ ಶಾಲೆಯ ಆಟದ ಮೈದಾನದ ಎತ್ತರದ ಕಂಬಿಗೆ ಜೋತುಬಿದ್ದಿದ್ದರಂತೆ. ಕೆಳಗೆ ನೋಡಿದ್ದೇ ತಡ, ಭಯಕ್ಕೆ ಬೆರಳುಗಳು ಕಂಬಿಗೆ ಕಚ್ಚಿಕೊಂಡವು. ಮೇಷ್ಟ್ರು, ಆಯಾ, ಮಕ್ಕಳು ಎಲ್ಲ ಸೇರಿ, "ಗಟ್ಟಿಯಾಗಿ ಹಿಡ್ಕೋ! ಬಿಡಬೇಡ!" ಎಂದು ಕೂಗಿದರು. ಕೂಗಿದಷ್ಟೂ ಕೈ ಬಿಗಿಯಿತು. ಏಣಿ ತಂದರೂ ಇಳಿಯಲಾಗಲಿಲ್ಲ. ಕೊನೆಗೆ ಅವರ ಅಣ್ಣ ಬಂದು ಕೆಳಗೆ ನಿಂತು, ಎಲ್ಲರನ್ನೂ ಸುಮ್ಮನಿರಿಸಿ, "ಬಿಡು, ನಾನಿದ್ದೀನಿ" ಎಂದನಂತೆ. "ಬಿಟ್ಟೆ" ಎಂದರು ಮೇಡಂ. "ಅವನು ಹಿಡಿದನಾ ಮೇಡಂ?" ಎಂದೆ. "ಎಲ್ಲಿಂದ! ಇಬ್ಬರೂ ಬಿದ್ವಿ. ಅವನ ಹಲ್ಲು ಮುರೀತು. ಆದರೆ ಬಿಟ್ಟೆನಲ್ಲ!"

ಮರುದಿನವೇ ಮೇಡಂ ನನ್ನನ್ನು ಕರೆದುಕೊಂಡು ಟೈಲರ್ ಅಂಗಡಿಗೆ ಹೋದರು. ಉದ್ದನೆಯ ಕಿರಿದಾದ ಕೋಣೆ. ಗೋಡೆಯ ಮೇಲೆ ಸೀಮೆಸುಣ್ಣದ ಲೆಕ್ಕಗಳು, ಹೊಲಿಗೆ ಯಂತ್ರದ ಕೆಳಗೆ ಬಣ್ಣಬಣ್ಣದ ಚೂರು, ಮೂಲೆಯಲ್ಲಿ ತಲೆಯಿಲ್ಲದ ಬೊಂಬೆಯೊಂದಕ್ಕೆ ಅರ್ಧ ಜಾಕೆಟ್. ಮಗ ಒಳಗಿನಿಂದ ಅಪ್ಪನನ್ನು ಕರೆತಂದರು. ಮೇಡಂ ನನ್ನ ಪರವಾಗಿ ಒಂದು ಮಾತೂ ಆಡದೆ ಬಿಳಿ ಬಟ್ಟೆಯ ಸುರುಳಿಯೊಂದನ್ನು ಮೇಜಿನ ಮೇಲಿಟ್ಟರು. "ನನಗೊಂದು ಕೋಟು ಬೇಕು. ನೀವೇ ಕತ್ತರಿಸಬೇಕು."

"ಮಗ ಹೊಲಿದುಕೊಡ್ತಾನೆ ಡಾಕ್ಟ್ರೇ. ನನ್ನ ಕೈ ಬರಲ್ಲ."

"ಹೊಲಿಯೋದು ಅವರೇ ಹೊಲಿಯಲಿ. ಕತ್ತರಿಸೋದು ನೀವು. ಅವಸರ ಇಲ್ಲ, ನನ್ನ ನಿವೃತ್ತಿ ದಿನಕ್ಕೆ ಕೊಟ್ರೆ ಸಾಕು."

"ನಿವೃತ್ತಿ ಆದ್ಮೇಲೆ ಈ ಕೋಟು ಯಾತಕ್ಕೆ ಡಾಕ್ಟ್ರೇ?"

"ಮಾರನೇ ದಿನ ಪ್ರಯೋಗಾಲಯಕ್ಕೆ ಬರೋಕೆ ಒಂದು ನೆಪ ಬೇಕಲ್ಲ!"

ಮಾವ ಮೊದಲ ಬಾರಿಗೆ ನಕ್ಕರು. ನಗುವಾಗ ಅವರ ಮುಷ್ಟಿ ಒಂದಿಷ್ಟು ಸಡಿಲವಾಯಿತು. ಮೇಡಂ ಅದನ್ನು ನೋಡಿದರು, ನಾನೂ ನೋಡಿದೆ. ಮಗ ಮಾತ್ರ ನನ್ನನ್ನು ನೋಡುತ್ತಿದ್ದರು. ಇದು ಅವರೇ ಆಮೇಲೆ ಒಪ್ಪಿಕೊಂಡದ್ದು.

ಮತ್ತೆ ನೆಲಮಾಳಿಗೆ, ಮತ್ತೆ ಹಸಿರು ಗೆರೆ. ಬೆರಳನ್ನು ಬಲವಂತವಾಗಿ ಬಿಡಿಸಬಾರದು. ಮೊದಲು ಮಣಿಕಟ್ಟು ಬಾಗಿಸಬೇಕು, ಉಸಿರು ಹೊರಗೆ ಬಿಡಬೇಕು, ಆಮೇಲೆ ಕಾಯಬೇಕು. ನಾನು ಒಂದು ಸ್ಪ್ರಿಂಗ್ ಕತ್ತರಿ ತಂದುಕೊಟ್ಟೆ, ತಾನಾಗಿಯೇ ಬಾಯಿ ತೆರೆಯುವಂಥದ್ದು. ಮಾವ ಅದನ್ನು ಎಡಗೈಯ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದರಲ್ಲಿ ಉಗುರು ಕತ್ತರಿಸ್ಕೋ ತಾಯಿ" ಎಂದು ನನಗೇ ವಾಪಸು ಕೊಟ್ಟರು. ಪೆಟ್ಟಿಗೆಯಿಂದ ತಮ್ಮ ಹಳೆಯ ಕತ್ತರಿ ತಂದರು. ಅದು ಬಟ್ಟೆಯ ಮೇಲೆ ಮುಚ್ಚಿಕೊಂಡು ಕುಳಿತರೆ ಇಡೀ ಕೋಣೆ ಉಸಿರು ಹಿಡಿದು ಕಾಯುತ್ತಿತ್ತು. ಒಂದು ಮಧ್ಯಾಹ್ನ ಅದು ತೆರೆಯಿತು. ಯಾರೂ ಬಿಡಿಸದೆ, ಎಡಗೈ ಸೋಕದೆ, ಮೆಲ್ಲಗೆ. ಮಾವ ಕತ್ತರಿಯ ಕಡೆ ನೋಡಿ, "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೋ?" ಎಂದು ಗದರಿದರು. ಮೇಡಂ ಪರದೆಯ ಕಡೆ ತಿರುಗಿ ನಿಂತು ಬಹಳ ಹೊತ್ತು ಗೆರೆ ನೋಡಿದರು. ಗೆರೆಯಲ್ಲಿ ಅಷ್ಟು ಹೊತ್ತು ನೋಡುವಂಥದ್ದು ಏನೂ ಇರಲಿಲ್ಲ, ಅದು ನೆಟ್ಟಗೆ ಮಲಗಿತ್ತು.

ಮದುವೆಯ ಮಾತು ಬಂದಾಗ ನನ್ನ ಅಪ್ಪ, "ಅಷ್ಟೊಂದು ಓದಿ ಟೈಲರ್‌ನ ಮದುವೆ ಆಗ್ತೀಯಾ?" ಎಂದರು. ಕೈ ಹಿಡಿದವನು ಎಂದರೆ ಕನ್ನಡದಲ್ಲಿ ಗಂಡ ಎಂದರ್ಥವಂತೆ, ನನಗೆ ಅದೂ ಆಗಲೇ ತಿಳಿದದ್ದು. ನಾನು ಹೇಳಿದೆ, "ಅಪ್ಪ, ಆ ಮನೆಯವರು ಹಿಡಿದ್ರೆ ಬಿಡೋದಿಲ್ಲ. ಅದರ ಮೇಲೆ ವೈಜ್ಞಾನಿಕ ಸಂಶೋಧನೆಯೇ ಆಗಿದೆ."

ಚೀಟಿ ಬಂದಿದೆ. ನಿರೂಪಕರದ್ದು. 'ಸಮಯ' ಎಂದಷ್ಟೇ ಬರೆದಿದೆ. ಮಾವ ತಮ್ಮ ಕುರ್ಚಿಯಲ್ಲಿ ಮುಂದಕ್ಕೆ ಜರುಗಿ ಕುಳಿತಿದ್ದಾರೆ. ಸರಿ.

ಸಭಿಕರೇ, ಒಂದು ಕೋರಿಕೆ. ಈಗ ಯಾರೂ ಚಪ್ಪಾಳೆ ತಟ್ಟಬೇಡಿ. ಸದ್ದಾದರೆ ಮುಷ್ಟಿ ಬಿಗಿಯುತ್ತದೆ. ಫೋಟೋದವರೇ, ಫ್ಲ್ಯಾಶ್ ಬೇಡ. ನಿಮ್ಮ ಫೋನುಗಳನ್ನು ನೀವೇ ಬಿಡುವ ಅಭ್ಯಾಸ ಮಾಡಿ.

ಮಾವ, ಬನ್ನಿ. ನಿಧಾನ. ಅವಸರ ಇಲ್ಲ, ನಿರ್ದೇಶಕರ ಅಧ್ಯಕ್ಷೀಯ ಭಾಷಣ ಇನ್ನೂ ಬಾಕಿ ಇದೆ, ಯಾರಿಗೂ ಅವಸರ ಇಲ್ಲ.

ಮೇಡಂ ಎದ್ದು ನಿಂತಿದ್ದಾರೆ. ಕೋಟಿನ ಕೆಳಗೆ ಎರಡೂ ಅಂಗೈ ಇಟ್ಟಿದ್ದಾರೆ. ನೋಡಿ, ಎಳೆಯುತ್ತಿಲ್ಲ. ಅವರ ತುಟಿ ಅಲ್ಲಾಡಿತು. ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ. ಏನು ಹೇಳಿದರು ಎಂಬುದು ನಿಮಗೆ ಗೊತ್ತು.

ಇನ್ನೂ ಇಲ್ಲ. ಪರವಾಗಿಲ್ಲ. ಮಾವ, ನನ್ನ ಕಡೆ ನೋಡಬೇಡಿ, ಅವರ ಕಡೆಯೂ ನೋಡಬೇಡಿ. ಮೇಡಂ ಕೇಳುತ್ತಿದ್ದರು, ಜೇಬು ಯಾಕೆ ಇಷ್ಟು ಆಳ ಇಟ್ಟಿದ್ದೀರಿ ಅಂತ. ಹೇಳಿ ಅವರಿಗೆ. ಹೌದು, ಮಧ್ಯಾಹ್ನದ ಬಿಸ್ಕತ್ತಿನ ಪೊಟ್ಟಣಕ್ಕೆ! ಮೇಡಂ, ನಿಮ್ಮ ಗುಟ್ಟು ಟೈಲರಿಗೆ ಗೊತ್ತಿದೆ.

ಮಾವ ನಕ್ಕರು.

ಕಿರುಬೆರಳು... ಅದರ ಪಕ್ಕದ್ದು... ಉಸಿರು ಹೊರಗೆ ಬಿಡಿ ಮಾವ. ನೀವೂ ಬಿಡಿ ಸಭಿಕರೇ, ಎಲ್ಲರೂ ಹಿಡಿದುಕೊಂಡು ಕುಳಿತಿದ್ದೀರಿ...

ಬಿಟ್ಟರು.

ಈಗ ತಟ್ಟಿ! ಈಗ ತಟ್ಟಿ! ಜೋರಾಗಿ! ರೀ, ನೀವು ಅಳುವುದು ಬಿಟ್ಟು ಚಪ್ಪಾಳೆ ತಟ್ಟಿ!

ಮಾವ, ಎಲ್ಲಿಗೆ ಹೊರಟಿರಿ? ಮುಖ್ಯ ಅತಿಥಿಗಳ ಕೈ ಕುಲುಕಲು? ಅತಿಥಿಗಳೇ, ಧೈರ್ಯವಾಗಿ ಕೊಡಿ. ಹೆಚ್ಚೆಂದರೆ ನಮ್ಮ ಮನೆಯ ಫೋಟೋಗಳಲ್ಲಿ ಬರುತ್ತೀರಿ, ಅಷ್ಟೇ.

ಮೇಡಂ ಹೊಸ ಕೋಟು ಹಾಕಿಕೊಂಡರು. ಭುಜ ಹಿಡಿಯಿತೇ? ಇಲ್ಲ, ಅಚ್ಚುಕಟ್ಟಾಗಿದೆ. ಹಳೆಯ ಚೀಲದಿಂದ ಏನೋ ತೆಗೆಯುತ್ತಿದ್ದಾರೆ. ಅಯ್ಯೋ ದೇವರೇ. ಬೀಗದ ಕೈ. ಇನ್ನು ಮುಂದೆ ಆ ಕೋಣೆಯನ್ನು ನಾನು ನೋಡಿಕೊಳ್ಳಬೇಕು ಎಂದು ನಿರ್ದೇಶಕರು ಆಗಲೇ ಹೇಳಿದ್ದರು, ಆದರೆ ಮೇಡಂ ಇದನ್ನು ಇಲ್ಲಿಯೇ, ಎಲ್ಲರ ಮುಂದೆ ಕೊಡುತ್ತಾರೆ ಎಂದು ನನಗೆ... ಧನ್ಯವಾದ ಮೇಡಂ. ತುಂಬಾ ಧನ್ಯವಾದ.

ಮೇಡಂ?

ಸಭಿಕರೇ, ನಾನು ಒಂದು ತುದಿ ಹಿಡಿದಿದ್ದೇನೆ, ಅವರು ಇನ್ನೊಂದು ತುದಿ ಹಿಡಿದಿದ್ದಾರೆ. ಅವರು ಬಿಡುತ್ತಿಲ್ಲ. ನಾನೂ ಎಳೆಯುವುದಿಲ್ಲ, ಅದನ್ನು ಅವರೇ ಕಲಿಸಿದ್ದಾರೆ.

ಬಿಡಿ ಮೇಡಂ.

ನಾನಿದ್ದೀನಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ಉಸಿರು ಬಿಗಿಹಿಡಿದು ನಮ್ಮೊಂದಿಗೆ ಕಾದ ನಿಮ್ಮೆಲ್ಲರಿಗೂ ನನ್ನ ತುಂಬು ಹೃದಯದ ವಂದನೆಗಳು. ಬೀಗದ ಕೈ ನನ್ನ ಕೈಯಲ್ಲಿದೆ, ಬೆಚ್ಚಗಿದೆ. ಎರಡೂ ಕೈ ಜೋಡಿಸಲು ಅದನ್ನು ಒಂದು ಕ್ಷಣ ಮಾವನವರಿಗೆ ಕೊಡುತ್ತಿದ್ದೇನೆ. ವಾಪಸು ಕೊಡುತ್ತಾರೆ ಎಂಬ ನಂಬಿಕೆ ಇದೆ. ನಮಸ್ಕಾರ.